ಜರ್ಮನಿಗೆ ಆಡಲು ಹೊರಟವರು ಮನೆ ಹುಡುಕುವುದು ಹೇಗೆ?

ಜರ್ಮನಿಯ ಕ್ಲಬ್ಬಿನಿಂದ ಕರಾರು ಪತ್ರ ಬಂತೆಂದರೆ ಮನೆಯಲ್ಲಿ ಎಲ್ಲರೂ ಮೊದಲು ಕೇಳುವುದು ‘ಊಟಕ್ಕೇನು ಮಾಡ್ತೀಯಾ’ ಅಂತ. ಊಟದ್ದು ಹೇಗೋ ಆಗುತ್ತದೆ. ಆಟಗಾರರು ನಿಜವಾಗಿ ಒದ್ದಾಡುವುದು ಮನೆಗೆ. ತುಮಕೂರಿನ ಮಹಾತ್ಮ ಗಾಂಧಿ ಕ್ರೀಡಾಂಗಣದಲ್ಲೋ ಕೋಲಾರದ ವಿಶ್ವೇಶ್ವರಯ್ಯ ಕ್ರೀಡಾಂಗಣದಲ್ಲೋ ಓಡಿ ಬೆಳೆದ ಹುಡುಗ ಹುಡುಗಿಯರು ಈಗ ಅಲ್ಲಿಗೆ ಹೋಗುವ ದಾರಿಗಳು ಹಲವು ಇವೆ. ಟೇಬಲ್ ಟೆನಿಸ್‌ನಲ್ಲಿ ಶರತ್ ಕಮಲ್, ಜಿ. ಸತ್ಯನ್ ಅಲ್ಲಿನ ಮೊದಲ ದರ್ಜೆಯ ಲೀಗಾದ ಬುಂಡೆಸ್‌ಲೀಗಾದಲ್ಲಿ ಆಡಿದವರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಮುಂಚೆ ನೀರಜ್ ಚೋಪ್ರಾ ತರಬೇತಿ ಪಡೆದದ್ದು ಸಾರ್‌ಬ್ರುಕನ್‌ನಲ್ಲಿ. ಅಂಥ ದೊಡ್ಡವರಿಗೆ ವಸತಿ ನೋಡಿಕೊಳ್ಳಲು ಜನ ಇರುತ್ತಾರೆ. ಎರಡನೇ, ಮೂರನೇ ದರ್ಜೆಯ ಲೀಗಿಗೆ ಹೋಗುವವರಿಗೆ, ಓದಿನ ಜೊತೆ ಆಡುವವರಿಗೆ ಇರುವುದಿಲ್ಲ. ಈ ಲೇಖನ ಅವರಿಗೆ.

ಮೊದಲೇ ಒಂದು ಮಾತು. ಇಲ್ಲಿಂದಲೇ ‘ಸರಿಯಾದ ಮನೆ’ ಹಿಡಿದುಕೊಂಡು ಹೋಗುತ್ತೇನೆ ಎನ್ನಬೇಡಿ. ಎರಡು ಮನೆ ಲೆಕ್ಕ ಹಾಕಿ. ಮೊದಲನೆಯದು ಎರಡು ಮೂರು ತಿಂಗಳಿಗೆ. ಅದು ಚಿಕ್ಕದಿರಲಿ, ಮೈದಾನದಿಂದ ದೂರವೇ ಇರಲಿ, ಆದರೆ ಆ ವಿಳಾಸದಲ್ಲಿ ನಿಮ್ಮ ಹೆಸರು ಸರ್ಕಾರದಲ್ಲಿ ನೋಂದಣಿ ಆಗುವಂತಿರಬೇಕು. ಎರಡನೆಯದನ್ನು ಅಲ್ಲಿದ್ದುಕೊಂಡು, ಕಣ್ಣಾರೆ ನೋಡಿ, ನಿಮ್ಮ ಅಭ್ಯಾಸಕ್ಕೆ ಹೊಂದುವಂತೆ ಹಿಡಿಯಿರಿ. ಎರಡನ್ನೂ ಒಂದೇ ಏಟಿಗೆ ಮುಗಿಸಲು ಹೋದವರೇ ಹೆಚ್ಚಾಗಿ ದುಡ್ಡು ಕಳೆದುಕೊಳ್ಳುವುದು.

ಊರಲ್ಲೇ ಮುಗಿಸಬೇಕಾದ ಕೆಲಸ

ಹೆಸರಿನಿಂದ ಶುರು ಮಾಡಿ. ನಮ್ಮ ಕಡೆ ಇನಿಷಿಯಲ್ ಇಟ್ಟುಕೊಂಡವರೇ ಜಾಸ್ತಿ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ. ಜರ್ಮನಿಯಲ್ಲಿ ಬಾಡಿಗೆ ಕರಾರು, ನೋಂದಣಿ, ಬ್ಯಾಂಕು, ವಿಮೆ, ಬಾಗಿಲ ಕರೆಗಂಟೆ ಎಲ್ಲಕ್ಕೂ ಕುಟುಂಬದ ಹೆಸರೇ ಆಧಾರ. ಅದು ಖಾಲಿ ಇದ್ದರೆ ಒಂದೊಂದು ಕಚೇರಿ ಒಂದೊಂದು ರೀತಿ ತುಂಬಿಕೊಳ್ಳುತ್ತದೆ, ಆಮೇಲೆ ಒಂದಕ್ಕೊಂದು ತಾಳೆ ಆಗುವುದಿಲ್ಲ. ವೀಸಾಗೆ ಹಾಕುವ ಮುಂಚೆಯೇ ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಸಿ, ಸರ್‌ನೇಮ್ ತುಂಬಿಸಿ. ಆಮೇಲೆ ಎಲ್ಲ ಕಡೆ ಅದೇ ಹೆಸರು, ಅದೇ ಅಕ್ಷರ.

ವೀಸಾಗೆ ದೆಹಲಿಗೆ ಓಡಬೇಕಿಲ್ಲ; ಜರ್ಮನ್ ಕಾನ್ಸುಲೇಟ್ ಬೆಂಗಳೂರಿನಲ್ಲೇ ಇದೆ. ಯಾವ ವೀಸಾ ಎಂಬುದರ ಮೇಲೆ ಮನೆಯ ಕಥೆಯೂ ನಿಂತಿದೆ. ಷೆಂಗೆನ್ ವೀಸಾದಲ್ಲಿ ತರಬೇತಿ ಶಿಬಿರಕ್ಕೆ ಹೋದರೆ 180 ದಿನಗಳಲ್ಲಿ 90 ದಿನ ಅಷ್ಟೇ, ಅದಕ್ಕೆ ಬಾಡಿಗೆ ಮನೆ ಹುಡುಕುವ ಗೋಜೇ ಬೇಡ. ವೃತ್ತಿಪರ ಆಟಗಾರರಾಗಿ ಹೋಗಲು 16 ವರ್ಷ ತುಂಬಿರಬೇಕು, ಆ ಆಟದ ಜರ್ಮನ್ ಒಕ್ಕೂಟ ನಿಮ್ಮ ಮಟ್ಟವನ್ನು ದೃಢೀಕರಿಸಬೇಕು, ಮತ್ತು ಕ್ಲಬ್ ಕೊಡುವ ಸಂಬಳ ಅಲ್ಲಿನ ಪಿಂಚಣಿ ವಿಮೆಗೆ ಲೆಕ್ಕ ಹಿಡಿಯುವ ಗರಿಷ್ಠ ಸಂಬಳದ ಅರ್ಧಕ್ಕಿಂತ ಕಡಿಮೆ ಇರಬಾರದು. 2025ರಲ್ಲಿ ಆ ಅರ್ಧ ತಿಂಗಳಿಗೆ 4,025 ಯೂರೋ ಇತ್ತು. ಪ್ರತಿ ಜನವರಿಗೆ ಮೊತ್ತ ಬದಲಾಗುತ್ತದೆ. ಸಣ್ಣ ಕ್ಲಬ್ಬುಗಳು ಇಷ್ಟು ಕೊಡಲಾರವು. ಹಾಗಾಗಿ ಬಹಳ ಜನ ವಿದ್ಯಾರ್ಥಿ ವೀಸಾದಲ್ಲಿ ಹೋಗುತ್ತಾರೆ. ಅದಕ್ಕೆ ವರ್ಷಕ್ಕೆ 11,904 ಯೂರೋ ಬ್ಲಾಕ್ಡ್ ಅಕೌಂಟ್‌ನಲ್ಲಿ ಇಡಬೇಕು, ತಿಂಗಳಿಗೆ ಕೈಗೆ ಬರುವುದು 992. ಯೂರೋಗೆ ನೂರು ರೂಪಾಯಿ ಎಂದು ಇಟ್ಟುಕೊಂಡರೆ ಮನಸ್ಸಲ್ಲೇ ಗುಣಿಸುವುದು ಸುಲಭ. ಆ 992ರಲ್ಲೇ ಬಾಡಿಗೆ, ಊಟ, ವಿಮೆ, ಶೂ ಎಲ್ಲ ಆಗಬೇಕು.

ಕ್ಲಬ್ಬಿಗೆ ಇಮೇಲ್ ಬರೆದು ಈ ನಾಲ್ಕನ್ನು ಲಿಖಿತವಾಗಿ ಕೇಳಿ. ಒಂದು, ಮೊದಲ ಎರಡು ತಿಂಗಳಿಗೆ ಕ್ಲಬ್ಬಿನದೇ ಕೋಣೆ ಇದೆಯೇ, ಅಲ್ಲಿ ನೋಂದಣಿ ಆಗುತ್ತದೆಯೇ. ಎರಡು, ಮನೆ ಮಾಲೀಕರಿಗೆ ಜಾಮೀನು ಪತ್ರ ಕೊಡುತ್ತೀರಾ. ಮೂರು, ಬೆಳಗಿನ ಮತ್ತು ಸಂಜೆಯ ಅಭ್ಯಾಸ ಯಾವ ಮೈದಾನದಲ್ಲಿ, ಚಳಿಗಾಲದಲ್ಲಿ ಯಾವ ಒಳಾಂಗಣದಲ್ಲಿ. ಇವೆರಡೂ ಬೇರೆ ಬೇರೆ ಕಡೆ ಇರುವುದು ಮಾಮೂಲು. ಬೇಸಿಗೆ ನೋಡಿ ಮನೆ ಹಿಡಿದವರು ಡಿಸೆಂಬರಿನಲ್ಲಿ, ನಾಲ್ಕೂವರೆಗೆ ಕತ್ತಲಾಗುವ ಹೊತ್ತಿಗೆ, ಎರಡು ಬಸ್ಸು ಬದಲಾಯಿಸುತ್ತಿರುತ್ತಾರೆ. ನಾಲ್ಕು, ಕ್ಲಬ್ಬೇ ಮನೆ ಕೊಟ್ಟರೆ ಅದು ಸಂಬಳದ ಜೊತೆಗೋ ಒಳಗೋ. ಪುಕ್ಕಟೆ ಕೊಟ್ಟ ಮನೆಯ ಬಾಡಿಗೆಯನ್ನೂ ತೆರಿಗೆ ಇಲಾಖೆ ಆದಾಯ ಎಂದೇ ಎಣಿಸುತ್ತದೆ, ಕೈಗೆ ಬರುವ ಹಣ ಅಷ್ಟು ತೆಳ್ಳಗಾಗುತ್ತದೆ.

ದುಡ್ಡು ಕಳಿಸುವ ದಾರಿಯನ್ನೂ ಊರಲ್ಲೇ ನೋಡಿಟ್ಟುಕೊಳ್ಳಿ. ಜಿಲ್ಲಾ ಕೇಂದ್ರದ ಎಲ್ಲ ಬ್ಯಾಂಕ್ ಶಾಖೆಗಳಲ್ಲೂ ವಿದೇಶಿ ವಿನಿಮಯದ ಕೆಲಸ ಆಗುವುದಿಲ್ಲ, ಕೆಲವು ಕಡೆ ಅರ್ಜಿ ಬೆಂಗಳೂರಿಗೆ ಹೋಗಿ ಬರುತ್ತದೆ. ವಿದೇಶಕ್ಕೆ ಹಣ ಕಳಿಸುವ ಎ2 ಅರ್ಜಿ, ಪಾನ್, ಪಾಸ್‌ಪೋರ್ಟ್ ಪ್ರತಿ, ಬಾಡಿಗೆ ಕರಾರಿನ ಪ್ರತಿ ಇಷ್ಟು ಕೇಳುತ್ತಾರೆ. ಅರ್ಜಿಯಲ್ಲಿ ವರ್ಗಾವಣೆಯ ಖರ್ಚು ಪೂರ್ತಿ ಕಳಿಸುವವರದೇ ಎಂದು ಗುರುತು ಹಾಕಿಸಿ. ಇಲ್ಲದಿದ್ದರೆ ನಡುವಿನ ಬ್ಯಾಂಕು ಸ್ವಲ್ಪ ಮುರಿದುಕೊಂಡು, ಮಾಲೀಕರಿಗೆ ಕಡಿಮೆ ಹಣ ಮುಟ್ಟಿ, ‘ಠೇವಣಿ ಪೂರ್ತಿ ಬಂದಿಲ್ಲ’ ಎಂಬ ತಕರಾರು ಏಳುತ್ತದೆ. ಅಪ್ಪ ಅಮ್ಮನಿಗೆ ಈ ಕೆಲಸ ಒಮ್ಮೆ ಕೈಹಿಡಿದು ತೋರಿಸಿಯೇ ಹೊರಡಿ.

ಮೊದಲ ಮನೆ

ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಅನ್‌ಮೆಲ್ಡುಂಗ್ ಎನ್ನುತ್ತಾರೆ. ಬರೀ ಬಾಡಿಗೆ ಕರಾರು ತೋರಿಸಿದರೆ ಸಾಲದು. ‘ಇವರು ಇಂಥ ದಿನ ನನ್ನ ಮನೆಗೆ ಬಂದಿದ್ದಾರೆ’ ಎಂದು ಮನೆ ಕೊಟ್ಟವರು ಸಹಿ ಹಾಕಿದ ಒಂದು ಹಾಳೆ ಬೇಕು, ವೋನುಂಗ್ಸ್‌ಗೇಬರ್‌ಬೆಶ್ಟೇಟಿಗುಂಗ್. ಹೆಸರು ಬಾಯಿಗೆ ಬರದಿದ್ದರೂ ಪರವಾಗಿಲ್ಲ, ಹಾಳೆ ಮಾತ್ರ ಮರೆಯಬೇಡಿ. ಅದರಿಂದ ನೋಂದಣಿ, ನೋಂದಣಿಯಿಂದ ಅಂಚೆಯಲ್ಲಿ ಬರುವ 11 ಅಂಕಿಯ ತೆರಿಗೆ ಸಂಖ್ಯೆ, ಅದರಿಂದ ಸರಿಯಾದ ಸಂಬಳ. ಆ ಸಂಖ್ಯೆ ಕೊಡದಿದ್ದರೆ ಕ್ಲಬ್ಬಿನ ಲೆಕ್ಕದವರು ಅತಿ ಹೆಚ್ಚು ತೆರಿಗೆಯ ಆರನೇ ವರ್ಗಕ್ಕೆ ಹಾಕಿ ಮುರಿದುಕೊಳ್ಳಬಹುದು. ಎಷ್ಟೋ ಬ್ಯಾಂಕುಗಳು ಖಾತೆ ತೆರೆಯಲೂ ನೋಂದಣಿ ಪತ್ರ ಕೇಳುತ್ತವೆ.

ಹಾಗಾಗಿ ಹೋಟೆಲು, ಯೂತ್ ಹಾಸ್ಟೆಲು, ದಿನದ ಲೆಕ್ಕದ ಕೋಣೆ ಇವು ಒಂದು ವಾರಕ್ಕೆ ಸರಿ, ಮೊದಲ ಮನೆಯಾಗಿ ಕೆಲಸಕ್ಕೆ ಬರುವುದಿಲ್ಲ. ಹುಡುಕಬೇಕಾದ್ದು ಇವು: ಕ್ಲಬ್ಬಿನ ಆಟಗಾರರ ಕೋಣೆ, ವಿದ್ಯಾರ್ಥಿಯಾದರೆ ಶ್ಟುಡೀರೆಂಡನ್‌ವೆರ್ಕ್ ನಡೆಸುವ ಹಾಸ್ಟೆಲು (ಸೀಟು ಸಿಕ್ಕ ದಿನವೇ ಅರ್ಜಿ ಹಾಕಿ, ಸರತಿ ಉದ್ದ ಇರುತ್ತದೆ), ಇಲ್ಲವೇ ಯಾರೋ ಕೆಲವು ತಿಂಗಳು ಊರು ಬಿಟ್ಟು ಹೋಗುವಾಗ ಸಾಮಾನು ಸಮೇತ ಕೊಡುವ ಮನೆ. ಈ ಕೊನೆಯದನ್ನು ಟ್ಸ್‌ವಿಶನ್‌ಮೀಟ ಎನ್ನುತ್ತಾರೆ, ಕ್ರೀಡಾಪಟುಗಳಿಗೆ ಇದೇ ಹೆಚ್ಚು ಒದಗುವುದು. ನಾಲ್ಕೈದು ಜನ ಹಂಚಿಕೊಂಡಿರುವ ಮನೆಯಲ್ಲಿ ಒಂದು ಕೋಣೆಯೂ ಸಿಗುತ್ತದೆ, ಅದು ವೇಗೇ. ಯಾವುದೇ ಆದರೂ ‘ಅನ್‌ಮೆಲ್ಡುಂಗ್ ಆಗುತ್ತದೆಯೇ’ ಎಂದು ಬರಹದಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಿ. ‘ಅದೆಲ್ಲ ಬೇಡ, ಬೇರೆ ಕಡೆ ಮಾಡಿಸಿಕೊಳ್ಳಿ’ ಎಂದವರ ಮನೆ ಎಷ್ಟೇ ಅಗ್ಗವಾದರೂ ಬಿಡಿ.

ದೊಡ್ಡ ನಗರಗಳಲ್ಲಿ ನೋಂದಣಿ ಕಚೇರಿಯ ಸಮಯ ಸಿಗುವುದೇ ಕಷ್ಟ. ವಿಮಾನದ ಟಿಕೆಟ್ ಆದ ದಿನವೇ ಆನ್‌ಲೈನ್‌ನಲ್ಲಿ ಸಮಯ ಕಾದಿರಿಸಿ, ದೃಢೀಕರಣದ ಪ್ರತಿ ಇಟ್ಟುಕೊಳ್ಳಿ. ಎರಡು ವಾರ ಮೀರಿದರೆ ತೋರಿಸಲು ಅದೇ ಆಧಾರ.

ಇಲ್ಲಿ ಒಂದು ಸೂಕ್ಷ್ಮ ಇದೆ, ಹೊಸಬರಿಗೆ ಯಾರೂ ಹೇಳುವುದಿಲ್ಲ. ವೀಸಾ ಮುಗಿಯುವ ಮುಂಚೆ ವಾಸದ ಪರವಾನಗಿಗೆ ಅರ್ಜಿ ಹಾಕಬೇಕು, ಮತ್ತು ಆ ಕಡತ ನೀವಿರುವ ನಗರದ ಅಥವಾ ಜಿಲ್ಲೆಯ ವಿದೇಶಿಯರ ಕಚೇರಿಯದು. ಮೊದಲ ಮನೆ ಒಂದು ಜಿಲ್ಲೆಯಲ್ಲಿ, ಎರಡನೆಯದು ಪಕ್ಕದ ಜಿಲ್ಲೆಯಲ್ಲಿ ಆದರೆ ಕಡತವೂ ಅಲ್ಲಿಗೆ ಹೋಗಬೇಕು, ವಾರಗಟ್ಟಲೆ ತಡ. ಎರಡೂ ಮನೆ ಒಂದೇ ಕಚೇರಿಯ ವ್ಯಾಪ್ತಿಯಲ್ಲಿರಲಿ. ಕಡತ ತಡವಾದಾಗ ಫಿಕ್ಟ್‌ಸಿಯೋನ್ಸ್‌ಬೆಶೈನಿಗುಂಗ್ ಎಂಬ ತಾತ್ಕಾಲಿಕ ಪತ್ರ ಕೊಡುತ್ತಾರೆ. ಅದರಲ್ಲಿ ಬಗೆಗಳಿವೆ: ವಿದೇಶಿಯರ ವಾಸದ ಕಾಯ್ದೆಯ 81ನೇ ಕಲಮಿನ 4ನೇ ಉಪಕಲಮಿನದಾದರೆ ದೇಶದ ಹೊರಗೆ ಪಂದ್ಯಕ್ಕೆ ಹೋಗಿ ಮರಳಬಹುದು, 3ನೆಯದಾದರೆ ಅದರ ಮೇಲೆ ಮರಳಲಾಗದು. ಟಿಕೆಟ್ ಕೊಳ್ಳುವ ಮುಂಚೆ ಯಾವುದಕ್ಕೆ ಗುರುತು ಬಿದ್ದಿದೆ ನೋಡಿ.

ಜಾಹೀರಾತಿನ ಲೆಕ್ಕ

ಎರಡನೇ ಮನೆಯ ಹುಡುಕಾಟ ಇಮ್ಮೋಬಿಲಿಯನ್‌ಸ್ಕೌಟ್24, ವೇಗೇ-ಗೆಸುಖ್ಟ್, ಕ್ಲೈನ್‌ಆನ್‌ಟ್ಸೈಗನ್ ಇಂಥ ತಾಣಗಳಲ್ಲಿ ನಡೆಯುತ್ತದೆ. ನಮ್ಮ ಲೆಕ್ಕಕ್ಕೂ ಅವರದಕ್ಕೂ ವ್ಯತ್ಯಾಸ ಇದೆ. ಅವರು ಹಾಲನ್ನೂ ಸೇರಿಸಿ ಕೋಣೆ ಎಣಿಸುತ್ತಾರೆ. ನಮ್ಮ 2 ಬಿಎಚ್‌ಕೆ ಅವರಿಗೆ 3 ಕೋಣೆಯ ಮನೆ. ಒಬ್ಬರಿಗೆ 1 ಕೋಣೆಯ ಮನೆ ಎಂದರೆ ಮಲಗುವುದು ಕೂರುವುದು ಒಂದೇ ಕಡೆ, ಬಚ್ಚಲು ಬೇರೆ.

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಸಾಮಾನ್ಯವಾಗಿ ಕಾಲ್ಟ್‌ಮೀಟ, ಅಂದರೆ ಬರೀ ಗೋಡೆ ಚಾವಣಿಯ ಬಾಡಿಗೆ. ಅದಕ್ಕೆ ನೀರು, ಕಸ, ಮೆಟ್ಟಿಲ ಸ್ವಚ್ಛತೆ, ಸಾಧಾರಣವಾಗಿ ಮನೆ ಬೆಚ್ಚಗಿಡುವ ಹೀಟರ್ ವ್ಯವಸ್ಥೆಯ ಖರ್ಚು ಸೇರಿದರೆ ವಾರ್ಮ್‌ಮೀಟ. ಕರೆಂಟು, ಇಂಟರ್‌ನೆಟ್ ಹೆಚ್ಚಾಗಿ ಅದರಲ್ಲೂ ಸೇರುವುದಿಲ್ಲ. ಮಾದರಿಗೆ ಲೆಕ್ಕ ಹಾಕೋಣ: ಕಾಲ್ಟ್‌ಮೀಟ 500, ಇತರೆ 150, ವಾರ್ಮ್‌ಮೀಟ 650, ಕರೆಂಟು 45, ಇಂಟರ್‌ನೆಟ್ 35. ಮೇಲೆ ರೇಡಿಯೋ ಟಿವಿ ಶುಲ್ಕ 18.36, ಮನೆಯಲ್ಲಿ ಟಿವಿ ಇಲ್ಲದಿದ್ದರೂ ಕಟ್ಟಲೇಬೇಕು, ಮನೆಗೊಂದರಂತೆ. ಒಟ್ಟು 748.36 ಯೂರೋ. ಜಾಹೀರಾತಿನ 500 ನೋಡಿ ‘ಐವತ್ತು ಸಾವಿರ’ ಎಂದುಕೊಂಡವರು ತಿಂಗಳಿಗೆ ಎಪ್ಪತ್ತೈದು ಸಾವಿರ ಕಟ್ಟುತ್ತಾರೆ.

ಠೇವಣಿ ಕಾಲ್ಟ್‌ಮೀಟದ ಮೂರು ತಿಂಗಳಿಗಿಂತ ಹೆಚ್ಚು ಕೇಳುವಂತಿಲ್ಲ, ಅದನ್ನೂ ಮೂರು ಸಮ ಕಂತಿನಲ್ಲಿ ಕಟ್ಟುವ ಹಕ್ಕು ಬಾಡಿಗೆದಾರರಿಗೆ ಕಾನೂನಿನಲ್ಲೇ ಇದೆ. ಹತ್ತು ತಿಂಗಳ ಅಡ್ವಾನ್ಸು ಕೊಟ್ಟು ರೂಢಿಯಾದ ನಮಗೆ ಇದು ಹಗುರ ಎನಿಸಬಹುದು. ಭೋಗ್ಯಕ್ಕೆ ಹಾಕಿಕೊಳ್ಳುವ ಪದ್ಧತಿ ಅಲ್ಲಿಲ್ಲ, ಯಾರಾದರೂ ಅಂಥ ಮಾತು ತೆಗೆದರೆ ಅದು ಮೋಸವೇ. ಬ್ರೋಕರ್ ಹಣ 2015ರ ಜೂನ್‌ನಿಂದ ಅವರನ್ನು ಗೊತ್ತುಮಾಡಿದವರದು. ಮಾಲೀಕರು ಇಟ್ಟ ಬ್ರೋಕರ್ ನಿಮ್ಮಿಂದ ಕೇಳುವಂತಿಲ್ಲ.

ಊರಿನ ಆಯ್ಕೆ ನಿಮ್ಮ ಕೈಯಲ್ಲಿದ್ದರೆ, ಮ್ಯೂನಿಕ್, ಫ್ರಾಂಕ್‌ಫರ್ಟ್, ಕಲೋನ್ ದುಬಾರಿ. ಹಾಲೆ, ಕೆಮ್ನಿಟ್ಸ್, ಮಾಗ್ಡೆಬುರ್ಗ್, ಸಾರ್‌ಬ್ರುಕನ್ ಅಗ್ಗ. ಈ ಅಗ್ಗದ ಊರುಗಳಲ್ಲೂ ಒಳ್ಳೆಯ ತರಬೇತಿ ಕೇಂದ್ರಗಳಿವೆ.

ಅರ್ಜಿ ಕಡತ, ಮತ್ತು ಮೋಸ

ಅಲ್ಲಿ ಒಂದು ಮನೆಗೆ ಹತ್ತಾರು ಜನ ಅರ್ಜಿ ಹಾಕುತ್ತಾರೆ. ಮಾಲೀಕರು ಆರಿಸುವುದು ಕಾಗದ ನೋಡಿ. ಎಲ್ಲವನ್ನೂ ಒಂದೇ ಪಿಡಿಎಫ್ ಮಾಡಿಟ್ಟುಕೊಳ್ಳಿ. ಅದರಲ್ಲಿ ಒಂದು ಪುಟದ ಪರಿಚಯ, ಸಾಧ್ಯವಾದರೆ ಜರ್ಮನ್‌ನಲ್ಲಿ. ನಂತರ ಪಾಸ್‌ಪೋರ್ಟ್ ಮತ್ತು ವೀಸಾ, ಕ್ಲಬ್ ಕರಾರು, ಕೊನೆಯ ಮೂರು ತಿಂಗಳ ಸಂಬಳ ಚೀಟಿ, ಮೊದಲ ಮನೆಯವರಿಂದ ‘ಬಾಡಿಗೆ ಬಾಕಿ ಇಲ್ಲ’ ಎಂಬ ಚೀಟಿ, ಶೂಫಾ ವರದಿ. ಶೂಫಾ ಎಂದರೆ ನಮ್ಮ ಸಿಬಿಲ್ ಇದ್ದಂತೆ. ಹೊಸಬರಿಗೆ ಅದರಲ್ಲಿ ಏನೂ ಇರುವುದಿಲ್ಲ, ಆ ಜಾಗ ತುಂಬುವುದು ಕ್ಲಬ್ಬಿನ ಜಾಮೀನು ಪತ್ರ. ಮೊದಲೇ ಕೇಳಿಟ್ಟುಕೊಳ್ಳಿ ಎಂದದ್ದು ಇದಕ್ಕೇ.

ಪರಿಚಯದಲ್ಲಿ ಪದಕಗಳ ಪಟ್ಟಿ ಬೇಡ. ಮಾಲೀಕರಿಗೆ ಬೇಕಾದ್ದು ಬೇರೆ: ಬೇಗ ಮಲಗುತ್ತೀರಿ, ಸಿಗರೇಟು ಸೇದುವುದಿಲ್ಲ, ಪಾರ್ಟಿ ಇಲ್ಲ, ಶನಿವಾರ ಭಾನುವಾರ ಪಂದ್ಯಕ್ಕೆ ಹೋಗಿರುತ್ತೀರಿ. ಕ್ರೀಡಾಪಟು ಎನ್ನುವುದು ಈ ಒಂದು ಕಡೆ ಮಾತ್ರ ಬಾಡಿಗೆದಾರರಾಗಿ ನಿಮಗೆ ಲಾಭ. ಜಾಹೀರಾತು ಬಿದ್ದು ಕೆಲವೇ ಗಂಟೆಗಳಲ್ಲಿ ಬರೆಯಬೇಕು. ಅಲ್ಲಿನ ಬೆಳಗ್ಗೆ ಎಂಟು, ನಮಗೆ ಬೇಸಿಗೆಯಲ್ಲಿ ಹನ್ನೊಂದೂವರೆ, ಚಳಿಗಾಲದಲ್ಲಿ ಹನ್ನೆರಡೂವರೆ. ಊರಿನಲ್ಲಿರುವ ಅಣ್ಣನೋ ಅಕ್ಕನೋ ಆ ಹೊತ್ತಿಗೆ ತಾಣ ನೋಡಿ ಸಂದೇಶ ಕಳಿಸಿದರೆ, ಬೆಳಗಿನ ಅಭ್ಯಾಸದಲ್ಲಿರುವ ನಿಮಗೆ ಒಂದು ಕೆಲಸ ಹಗುರ.

ಮೋಸದ ರೂಪ ಹೆಚ್ಚುಕಮ್ಮಿ ಒಂದೇ. ಚೆಂದದ ಫೋಟೋ, ಆ ಬಡಾವಣೆಗೆ ಹೋಲಿಸಿದರೆ ತೀರಾ ಕಡಿಮೆ ಬಾಡಿಗೆ, ‘ನಾನು ಬೇರೆ ದೇಶದಲ್ಲಿದ್ದೇನೆ, ಠೇವಣಿ ಕಳಿಸಿದರೆ ಕೀಲಿ ಕೊರಿಯರ್ ಮಾಡುತ್ತೇನೆ’ ಎಂಬ ಮಾತು. ಜರ್ಮನ್ ಬ್ಯಾಂಕ್ ಖಾತೆಯ ಸಂಖ್ಯೆ, ಅಂದರೆ ಐಬಾನ್, ಡಿಇ ಅಕ್ಷರಗಳಿಂದ ಶುರುವಾಗಿ ಒಟ್ಟು 22 ಅಕ್ಷರ ಇರುತ್ತದೆ. ಬೇರೆ ದೇಶದ ಸಂಖ್ಯೆ ಕೊಟ್ಟರೆ ನಿಲ್ಲಿಸಿ. ಡಿಇ ಇದ್ದ ಮಾತ್ರಕ್ಕೆ ನಂಬಲೂ ಬೇಡಿ. ಮನೆ ನೀವೋ ಕ್ಲಬ್ಬಿನವರೋ ಒಳಗೆ ಹೋಗಿ ನೋಡದೆ, ಕರಾರಿಗೆ ಎರಡೂ ಕಡೆ ಸಹಿ ಬೀಳದೆ ಒಂದು ಯೂರೋ ಸಹ ಕಳಿಸಬೇಡಿ. ಪಾಸ್‌ಪೋರ್ಟ್ ಪ್ರತಿಯನ್ನು ಮೊದಲ ಸಂದೇಶದಲ್ಲೇ ಕೊಡುವುದೂ ಬೇಡ. ಕೊಡುವಾಗ ‘ಬಾಡಿಗೆ ಅರ್ಜಿಗೆ ಮಾತ್ರ’ ಎಂದು ಅಡ್ಡಲಾಗಿ ಬರೆದು ಕೊಡಿ.

ಮನೆ ನೋಡಲು ಹೋದಾಗ

ಟೇಪು ಮತ್ತು ಮೊಬೈಲ್ ಟಾರ್ಚ್ ಇರಲಿ. ಖಾಲಿ ಮನೆ ಎಂದರೆ ಅಲ್ಲಿ ನಿಜಕ್ಕೂ ಖಾಲಿ: ಸಿಂಕು ಇಲ್ಲ, ಒಲೆ ಇಲ್ಲ, ಚಾವಣಿಯಿಂದ ವೈರು ನೇತಾಡುತ್ತಿರುತ್ತದೆ, ಬಲ್ಬಿನ ಹೋಲ್ಡರು ಸಹ ಹಿಂದಿನವರು ಬಿಚ್ಚಿಕೊಂಡು ಹೋಗಿರುತ್ತಾರೆ. ಜಾಹೀರಾತಿನಲ್ಲಿ ಇಬಿಕೆ ಎಂದಿದ್ದರೆ ಅಡುಗೆಮನೆ ಜೋಡಿಸಿದೆ ಎಂದರ್ಥ. ಒಂದೆರಡು ಸೀಸನ್‌ಗೆ ಹೋಗುವವರು ಇಬಿಕೆ ಇಲ್ಲದ ಮನೆ ಮುಟ್ಟಬಾರದು ಎಂಬುದು ನಮ್ಮ ಅಭಿಪ್ರಾಯ. ಹಿಂದಿನ ಬಾಡಿಗೆದಾರರು ಅಡುಗೆಮನೆ ಸಾಮಾನು ಬಿಟ್ಟುಹೋಗಲು ಹಣ ಕೇಳಿದರೆ ಚೌಕಾಸಿ ಮಾಡಿ, ರಸೀದಿ ಪಡೆಯಿರಿ.

ನಾಲ್ಕನೇ ಮಹಡಿ, ಲಿಫ್ಟ್ ಇಲ್ಲ ಎಂದರೆ ‘ಅಭ್ಯಾಸ ಆಯ್ತಲ್ಲ’ ಎನ್ನುವ ಉತ್ಸಾಹ ಬೇಡ. ಮೊಣಕಾಲಿಗೆ ಏಟು ಬಿದ್ದು ಊರುಗೋಲು ಹಿಡಿದ ತಿಂಗಳು ಆ ಮೆಟ್ಟಿಲೇ ಶತ್ರು. ಛಾವಣಿಯ ಕೆಳಗಿನ ಇಳಿಜಾರು ಗೋಡೆಯ ಮನೆಗಳು ಅಗ್ಗ ಸಿಗುತ್ತವೆ, ಆದರೆ ಜುಲೈನಲ್ಲಿ ಒಳಗೆ ಕಾದು ಮಧ್ಯಾಹ್ನದ ನಿದ್ದೆ ಬಾರದು, ಫ್ಯಾನು ಹಾಕುವ ಕೊಂಡಿಯೂ ಇರುವುದಿಲ್ಲ. ಎತ್ತರದವರು ತಲೆ ತಗುಲದೆ ನಿಲ್ಲುವ ಜಾಗ ಎಷ್ಟಿದೆ ಅಳೆಯಿರಿ. ಬಚ್ಚಲಲ್ಲಿ ತೊಟ್ಟಿ ಇದ್ದರೆ ತಣ್ಣೀರ ಸ್ನಾನಕ್ಕೆ ಒದಗುತ್ತದೆ. ರಾತ್ರಿ ಕರೆಂಟಿನಲ್ಲಿ ಕಾಯಿಸಿಟ್ಟುಕೊಳ್ಳುವ ಹಳೆಯ ಹೀಟರ್ ಇದ್ದರೆ ಕರೆಂಟ್ ಬಿಲ್ಲು ಎಷ್ಟು ಬರುತ್ತದೆ ಎಂದು ಹಿಂದಿನವರನ್ನೇ ಕೇಳಿ. ಗೋಡೆಯ ಮೂಲೆ, ಕಿಟಕಿಯ ಚೌಕಟ್ಟಿಗೆ ಟಾರ್ಚ್ ಹಿಡಿದು ಬೂಷ್ಟು ಇದೆಯೇ ನೋಡಿ.

ದೂರವನ್ನು ಕಿಲೋಮೀಟರಿನಲ್ಲಿ ನೋಡಬೇಡಿ. ನಿಮ್ಮ ಅಭ್ಯಾಸದ ಹೊತ್ತಿನಲ್ಲಿ, ಅದೂ ಭಾನುವಾರದ ಬಸ್ ವೇಳಾಪಟ್ಟಿಯಲ್ಲಿ ನೋಡಿ. ದಿನಕ್ಕೆ ಎರಡು ಅಭ್ಯಾಸ ಇದ್ದರೆ ಮಧ್ಯೆ ಮನೆಗೆ ಬಂದು ಉಂಡು ಮಲಗಿ ಹೋಗುವಷ್ಟು ಹತ್ತಿರ ಇರಬೇಕು. ಒಂದು ಕಡೆಗೆ ನಲವತ್ತು ನಿಮಿಷ ಆದರೆ ದಿನಕ್ಕೆ ನಾಲ್ಕು ಸಲ ಓಡಾಟ, ಎರಡೂ ಮುಕ್ಕಾಲು ಗಂಟೆ ಹತ್ತಿರ ಬಸ್ಸಿನಲ್ಲೇ. ಬಾಡಿಗೆಯಲ್ಲಿ ಉಳಿಸಿದ ನೂರು ಯೂರೋ ಅಲ್ಲೇ ಹೋಗುತ್ತದೆ. ಬಸ್ಸು, ಟ್ರಾಮು, ಲೋಕಲ್ ರೈಲಿಗೆ ಡಾಯ್ಚ್‌ಲಂಡ್‌ಟಿಕೆಟ್ ಸಾಕು, 2026ರಲ್ಲಿ ತಿಂಗಳಿಗೆ 63 ಯೂರೋ. ಬೇಡವಾದರೆ 10ನೇ ತಾರೀಖಿನೊಳಗೆ ರದ್ದು ಮಾಡಬೇಕು, ಇಲ್ಲವಾದರೆ ಮುಂದಿನ ತಿಂಗಳಿನದೂ ಮುರಿದುಕೊಳ್ಳುತ್ತಾರೆ.

ಸಹಿ, ಕೀಲಿ

ಕರಾರಿನಲ್ಲಿ ನಿಮಗೆ ಮುಖ್ಯವಾದ್ದು ಬಿಡುವ ಷರತ್ತು. ಮಾಮೂಲಿ ಕರಾರಿಗೆ ಬಾಡಿಗೆದಾರರು ಮೂರು ತಿಂಗಳ ನೋಟಿಸ್ ಕೊಡಬೇಕು, ಅದು ಆ ತಿಂಗಳ ಮೂರನೇ ಕೆಲಸದ ದಿನದೊಳಗೆ ಮುಟ್ಟಬೇಕು. ಕ್ಲಬ್ ಕರಾರು ಜೂನ್ 30ಕ್ಕೆ ಮುಗಿಯುವುದಾದರೆ ಏಪ್ರಿಲ್‌ನ ಮೂರನೇ ಕೆಲಸದ ದಿನದೊಳಗೆ, ಕಾಗದದ ಮೇಲೆ, ಕೈಯಾರೆ ಸಹಿ ಹಾಕಿ ಮುಟ್ಟಿಸಿ. ಇಮೇಲ್, ವಾಟ್ಸಾಪ್ ನಡೆಯುವುದಿಲ್ಲ. ಏಪ್ರಿಲ್ ಎಂದರೆ ಸೀಸನ್ನಿನ ಬಿಸಿ. ಮರೆತು ಒಂದು ತಿಂಗಳ ಬಾಡಿಗೆ ದಂಡ ಕಟ್ಟುವವರು ಬೇಕಾದಷ್ಟು ಜನ. ‘ಇಷ್ಟು ಕಾಲ ಬಿಡುವಂತಿಲ್ಲ’ ಎಂಬ ಷರತ್ತೂ ಕೆಲವು ಕರಾರಿನಲ್ಲಿ ಇರುತ್ತದೆ, ನಾಲ್ಕು ವರ್ಷದವರೆಗೂ ಹಾಕಬಹುದು. ಒಂದು ವರ್ಷದ ಆಟಗಾರರು ಅಂಥದ್ದಕ್ಕೆ ಸಹಿ ಹಾಕಬಾರದು.

ಕೀಲಿ ಕೊಡುವ ದಿನ ಮಾಲೀಕರ ಜೊತೆ ಕೋಣೆ ಕೋಣೆಗೂ ಹೋಗಿ, ಗೀರು, ಕಲೆ, ಒಡೆದ ಟೈಲ್ಸ್ ಎಲ್ಲ ಹಸ್ತಾಂತರದ ಹಾಳೆಯಲ್ಲಿ ಬರೆಸಿ ಫೋಟೋ ತೆಗೆಯಿರಿ. ಕರೆಂಟು, ನೀರು, ಹೀಟರ್‌ಗಳ ಮೀಟರ್ ಅಂಕಿಯನ್ನೂ ಬರೆಸಿ. ಕರೆಂಟಿಗೆ ಕಂಪನಿಯನ್ನು ನೀವೇ ಆರಿಸಬೇಕು. ಸುಮ್ಮನಿದ್ದರೆ ಆ ಊರಿನ ಮೂಲ ಸರಬರಾಜು ಕಂಪನಿಯ ದರ ತಾನಾಗಿ ಬೀಳುತ್ತದೆ, ಅದು ಸಾಧಾರಣವಾಗಿ ದುಬಾರಿ.

ಹೊರಗಿನ ಬಾಗಿಲಿಗೆ ಹಿಡಿ ಮಾತ್ರ ಇರುತ್ತದೆ, ತಿರುಗುವುದಿಲ್ಲ. ಹಿಂದೆ ಎಳೆದುಕೊಂಡರೆ ಮುಗಿಯಿತು, ಕೀಲಿ ಒಳಗೆ, ನೀವು ಚಡ್ಡಿ ಬನಿಯನ್‌ನಲ್ಲಿ ಹೊರಗೆ. ಬೆಳಗಿನ ಓಟಕ್ಕೆ ಹೋಗುವವರಿಗೆ ಇದು ಆಗಿಯೇ ಆಗುತ್ತದೆ. ಬೀಗ ತೆಗೆಯುವವರು ಭಾನುವಾರ ಬಂದರೆ ನೂರಾರು ಯೂರೋ. ಓಟದ ಚಡ್ಡಿಯ ಜಿಪ್ ಜೇಬಿನಲ್ಲಿ ಒಂದು ಕೀಲಿ, ಸಹ ಆಟಗಾರರ ಮನೆಯಲ್ಲಿ ಇನ್ನೊಂದು ಇರಲಿ. ಇಡೀ ಕಟ್ಟಡಕ್ಕೆ ಸೇರಿದ ಬೀಗದ ಕೀಲಿ ಕಳೆದರೆ ಎಲ್ಲ ಬೀಗ ಬದಲಿಸುವ ಖರ್ಚು ನಿಮ್ಮ ಮೇಲೆ ಬರಬಹುದು. ವೈಯಕ್ತಿಕ ಹೊಣೆ ವಿಮೆ, ಅಂದರೆ ಹಾಫ್ಟ್‌ಫ್ಲಿಖ್ಟ್, ಮಾಡಿಸುವಾಗ ಕೀಲಿ ನಷ್ಟ ಸೇರಿದೆಯೇ ನೋಡಿ.

ಕರೆಗಂಟೆಯ ಹೆಸರು

ಬೇರೆಯವರಿಗೆ ವಿಳಾಸ ಎಂದರೆ ಅಂಚೆ. ಡೋಪಿಂಗ್ ಪರೀಕ್ಷೆಯ ನೋಂದಾಯಿತ ಪಟ್ಟಿಯಲ್ಲಿ ಹೆಸರಿರುವ ಆಟಗಾರರಿಗೆ ವಿಳಾಸ ತಪ್ಪಿದರೆ ಆಟವೇ ತಪ್ಪಬಹುದು. ಆ ಪಟ್ಟಿಯವರು ಮೂರು ಮೂರು ತಿಂಗಳಿಗೆ ಮುಂಚಿತವಾಗಿ, ಪ್ರತಿ ರಾತ್ರಿ ಎಲ್ಲಿ ಮಲಗುತ್ತಾರೆ, ಎಲ್ಲಿ ಅಭ್ಯಾಸ, ಮತ್ತು ಬೆಳಗ್ಗೆ 5ರಿಂದ ರಾತ್ರಿ 11ರೊಳಗೆ ಯಾವ 60 ನಿಮಿಷ ಖಚಿತವಾಗಿ ಎಲ್ಲಿ ಸಿಗುತ್ತಾರೆ ಎಂದು ಆಡಮ್ಸ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ತುಂಬಬೇಕು. 12 ತಿಂಗಳಲ್ಲಿ ಮೂರು ಸಲ ತಪ್ಪಿದರೆ, ಅದು ಮಾಹಿತಿ ತುಂಬದ ತಪ್ಪಿರಲಿ, ಸಿಗದ ತಪ್ಪಿರಲಿ, ಎರಡು ವರ್ಷದವರೆಗೆ ನಿಷೇಧ. ಮಾತ್ರೆ ನುಂಗದೆಯೂ ಡೋಪಿಂಗ್ ಪ್ರಕರಣ.

ಜರ್ಮನಿಯ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಇರುವುದಿಲ್ಲ. ಕೆಳಗಿನ ಬಾಗಿಲಲ್ಲಿ ಕರೆಗಂಟೆಗಳ ಸಾಲು, ಪಕ್ಕದಲ್ಲಿ ಕುಟುಂಬದ ಹೆಸರು ಅಷ್ಟೇ. ಟ್ಸ್‌ವಿಶನ್‌ಮೀಟದಲ್ಲಿರುವಾಗ ಗಂಟೆಯ ಮೇಲೆ ಮನೆಯವರ ಹೆಸರಿರುತ್ತದೆ. ಪರೀಕ್ಷೆಗೆ ಬಂದ ಅಧಿಕಾರಿ ನಿಮ್ಮ ಹೆಸರು ಹುಡುಕಿ, ಸಿಗದೆ, ಆ 60 ನಿಮಿಷ ಕಾದು ಹೊರಟುಹೋಗುತ್ತಾರೆ. ಅವರು ಫೋನು ಮಾಡಲೇಬೇಕೆಂಬ ನಿಯಮ ಇಲ್ಲ, ಮಾಡಿದರೂ ಕೊನೆಯ ಐದು ನಿಮಿಷದಲ್ಲಿ. ತೆರಿಗೆ ಸಂಖ್ಯೆಯ ಅಂಚೆಗೂ ಇದೇ ಗತಿ. ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೆ ಅಂಚೆಯವರು ವಾಪಸ್ ಕಳಿಸುತ್ತಾರೆ.

ಆದ್ದರಿಂದ ಸಾಮಾನು ಇಳಿಸಿದ ದಿನವೇ, ಪೆಟ್ಟಿಗೆ ಬಿಚ್ಚುವ ಮುಂಚೆ ಈ ಕೆಲಸ ಮಾಡಿ. ಪಾಸ್‌ಪೋರ್ಟ್‌ನ ಕುಟುಂಬದ ಹೆಸರನ್ನು ಗಂಟೆಗೂ ಅಂಚೆ ಡಬ್ಬಿಗೂ ಅಂಟಿಸಿ, ಮಾಲೀಕರ ಫಲಕ ಬರುವವರೆಗೆ ಕಾಗದದ ಚೀಟಿಯಾದರೂ ಸರಿ. ಯಾರನ್ನಾದರೂ ಕೆಳಗೆ ನಿಲ್ಲಿಸಿ ಗಂಟೆ ಒತ್ತಿಸಿ. ನೀವು ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೇಳಿಸುತ್ತದೆಯೇ ನೋಡಿ. ಬೆಳಗ್ಗೆ 6ರ ಹೊತ್ತು ಆಯ್ದುಕೊಂಡವರಿಗೆ ಇದು ಬಹಳ ಮುಖ್ಯ. ಆಡಮ್ಸ್‌ನ ಹೆಚ್ಚುವರಿ ವಿವರದ ಜಾಗದಲ್ಲಿ ‘ಹಿಂದಿನ ಕಟ್ಟಡ, ಅಂಗಳ ದಾಟಿ, ಮೂರನೇ ಮಹಡಿ, ಎಡಗಡೆ, ಗಂಟೆಯ ಮೇಲೆ ಇಂಥ ಹೆಸರು’ ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಬರೆಯಿರಿ. ಮೊದಲ ಮನೆಯಿಂದ ಎರಡನೆಯದಕ್ಕೆ ಹೋಗುವ ದಿನ ಅತಿ ಅಪಾಯದ್ದು: ಹಿಂದಿನ ರಾತ್ರಿಯೇ ವಿಳಾಸ ಬದಲಿಸಿ, ಆ ದಿನದ 60 ನಿಮಿಷವನ್ನು ಮೈದಾನದಲ್ಲಿ ಇಡುವುದು ವಾಸಿ. ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ ಅಲ್ಲಿ ಗಡಿಯಾರ ಕ್ರಮವಾಗಿ ಒಂದು ಗಂಟೆ ಮುಂದೆ, ಒಂದು ಗಂಟೆ ಹಿಂದೆ ಆಗುತ್ತದೆ. ತುಂಬುವ ಹೊತ್ತು ಯಾವಾಗಲೂ ನೀವಿರುವ ಊರಿನದು.

ಅಡುಗೆ, ಸದ್ದು, ಬೂಷ್ಟು

ಬ್ಯಾಗಿಗೆ ರಾಗಿ ಹಿಟ್ಟು, ಚಟ್ನಿ ಪುಡಿ, ಸಾರಿನ ಪುಡಿ ಹಾಕಿಕೊಳ್ಳಿ. ತುಪ್ಪ ಬೇಡ, ಹೊರಗಿನಿಂದ ಹೋಗುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ಐರೋಪ್ಯ ಒಕ್ಕೂಟದೊಳಗೆ ತರುವಂತಿಲ್ಲ. ಗಸಗಸೆಯನ್ನು ಎರಡು ಕಾರಣಕ್ಕೆ ಬಿಡಿ: ದುಬೈ ಮೇಲೆ ಹೋಗುವವರಿಗೆ ಅಲ್ಲಿ ಅದು ನಿಷಿದ್ಧ, ಮತ್ತು ಪಂದ್ಯದ ದಿನಗಳಲ್ಲಿ ಅದರಿಂದ ಮೂತ್ರದಲ್ಲಿ ಮಾರ್ಫಿನ್ ಕಾಣಬಹುದು. ಅಲ್ಲಿನ ಬೇಕರಿಗಳಲ್ಲೂ ಗಸಗಸೆ ತುಂಬಿದ ಕೇಕು ಮಾಮೂಲು, ಕೇಳಿ ತಿನ್ನಿ. ಊರಿನ ಚೂರ್ಣ, ಲೇಹ್ಯಗಳನ್ನೂ ಬಿಟ್ಟು ಹೋಗಿ. ಪುಡಿ, ಪ್ರೋಟೀನ್ ಬೇಕಾದರೆ ಪರೀಕ್ಷೆಯಾದ ಪದಾರ್ಥಗಳ ಪಟ್ಟಿಯಾದ ಕ್ಯೋಲ್ನರ್ ಲಿಸ್ಟ ನೋಡಿ ಕೊಳ್ಳಿ.

ಅಲ್ಲಿನ ಒಲೆ ಹೆಚ್ಚಾಗಿ ಗಾಜಿನ ಹಾಸು. ಇಂಡಕ್ಷನ್ ಆದರೆ ಅಲ್ಯೂಮಿನಿಯಂ ಪಾತ್ರೆ, ಹಳೆಯ ಕುಕ್ಕರ್ ಕಾಯುವುದೇ ಇಲ್ಲ. ಅಯಸ್ಕಾಂತ ಹಿಡಿಯುವ ತಳ ಇರಬೇಕು. ಮುದ್ದೆಯನ್ನು ಒಲೆಯ ಮೇಲೆ ಕೋಲಿನಿಂದ ಒತ್ತಿ ತಿರುವಬೇಡಿ, ಗಾಜು ಸೀಳಿದರೆ ಹೊಸದರ ಹಣ ನಿಮ್ಮದೇ. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ನೆಲಕ್ಕೆ, ದಪ್ಪ ಬಟ್ಟೆಯ ಮೇಲೆ ಇಳಿಸಿ ತಿರುವಿ. ಮಿಕ್ಸಿ ಊರಿನದೇ ನಡೆಯುತ್ತದೆ, ಅಲ್ಲೂ 230 ವೋಲ್ಟ್. ಮೂರು ಗುಂಡು ಪಿನ್ನಿನ ಪ್ಲಗ್ ಮಾತ್ರ ಹಿಡಿಸದು, ಅರ್ತ್ ಇರುವ ಅಡಾಪ್ಟರ್ ತನ್ನಿ. ಮಲಗುವ ಕೋಣೆ, ಅಲ್ಲಿಂದ ಹೊರಗೆ ಹೋಗುವ ನಡುಹಾದಿಗಳಲ್ಲಿ ಹೊಗೆ ಗಂಟೆ ಕಡ್ಡಾಯ. ಒಣಮೆಣಸಿನಕಾಯಿ ಒಗ್ಗರಣೆಗೆ ಅದು ಅರಚುತ್ತದೆ; ಬಿಚ್ಚಿಡುವುದು ತಪ್ಪು, ಅಡುಗೆಮನೆ ಬಾಗಿಲು ಹಾಕಿ ಕಿಟಕಿ ತೆಗೆಯಿರಿ.

ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮತ್ತು ಭಾನುವಾರ ಇಡೀ ದಿನ ಸದ್ದು ಮಾಡಬಾರದು. ಮಿಕ್ಸಿ, ಸ್ಕಿಪ್ಪಿಂಗ್, ಡಂಬೆಲ್ ಕೆಳಗಿಡುವ ಸದ್ದು ಎಲ್ಲ ಲೆಕ್ಕಕ್ಕೆ. ಸ್ಕಿಪ್ಪಿಂಗ್ ಹೊರಗೆ ಮಾಡಿ.

ದಿನಕ್ಕೆ ಎರಡು ಜೊತೆ ಬೆವರಿನ ಬಟ್ಟೆ ಒಗೆದು ಕೋಣೆಯೊಳಗೇ ಒಣಹಾಕಿ, ಅನ್ನ ಬೇಯಿಸಿ, ಚಳಿ ಎಂದು ಕಿಟಕಿ ಮುಚ್ಚಿದರೆ ಒಂದೇ ಚಳಿಗಾಲದಲ್ಲಿ ಗೋಡೆಗೆ ಬೂಷ್ಟು ಹಿಡಿಯುತ್ತದೆ. ಠೇವಣಿ ಮುರಿದುಕೊಳ್ಳಲು ಮಾಲೀಕರು ಹೇಳುವ ದೊಡ್ಡ ಕಾರಣ ಇದೇ. ದಿನಕ್ಕೆ ಎರಡು ಮೂರು ಸಲ ಹೀಟರ್ ಇಳಿಸಿ, ಕಿಟಕಿಗಳನ್ನು ಪೂರ್ತಿ ತೆರೆದು ಐದು ಹತ್ತು ನಿಮಿಷ ಬಿಡಿ. ಕಿಟಕಿಯನ್ನು ಓರೆ ಮಾಡಿ ದಿನವಿಡೀ ಬಿಡುವುದರಿಂದ ಗೋಡೆ ತಣ್ಣಗಾಗಿ ಬೂಷ್ಟು ಹೆಚ್ಚುತ್ತದೆ. ಬಟ್ಟೆ ಒಣಗಿಸಲು ಕಟ್ಟಡದ ನೆಲಮಾಳಿಗೆಯಲ್ಲಿ ಜಾಗ ಇದೆಯೇ ಎಂದು ಮನೆ ನೋಡುವಾಗಲೇ ಕೇಳಿ.

ಬಿಟ್ಟು ಬರುವಾಗ

ಜರ್ಮನಿ ಬಿಡುವುದಾದರೆ ನೋಂದಣಿ ರದ್ದು ಮಾಡಿಸಿ. ಹೊರಡುವ ಒಂದು ವಾರ ಮುಂಚಿನಿಂದ, ಹೊರಟ ಎರಡು ವಾರದೊಳಗೆ ಆಗಬೇಕು. ಆ ಚೀಟಿ ತೋರಿಸಿ ರೇಡಿಯೋ ಟಿವಿ ಶುಲ್ಕ ನಿಲ್ಲಿಸಿ, ಇಲ್ಲದಿದ್ದರೆ ಬಾಕಿ ಬೆಳೆಯುತ್ತಲೇ ಇರುತ್ತದೆ. ಹಸ್ತಾಂತರದ ಹಾಳೆ ಮತ್ತೆ ತುಂಬಿ, ಮೀಟರ್ ಅಂಕಿ ಬರೆಸಿ, ಪ್ರತಿ ಕೀಲಿಯ ಲೆಕ್ಕಕ್ಕೆ ಸಹಿ ಪಡೆಯಿರಿ. ಠೇವಣಿ ಅದೇ ದಿನ ಕೈಗೆ ಬರುವುದಿಲ್ಲ, ಮೂರರಿಂದ ಆರು ತಿಂಗಳು ಹಿಡಿಯುವುದು ಮಾಮೂಲು. ನೀರು, ಹೀಟರ್‌ನ ವರ್ಷದ ಲೆಕ್ಕ ಕೊಡಲು ಮಾಲೀಕರಿಗೆ ಲೆಕ್ಕದ ವರ್ಷ ಮುಗಿದ ಮೇಲೂ 12 ತಿಂಗಳ ಅವಕಾಶ ಇದೆ, ಅದರಲ್ಲಿ ನಿಮಗೆ ಹಣ ಬರಬೇಕಾದ್ದೂ ಇರಬಹುದು. ಮಾಲೀಕರಿಗೆ ಊರಿನ ವಿಳಾಸ, ಇಮೇಲ್ ಎರಡೂ ಬರೆದುಕೊಟ್ಟು, ಆ ಲೆಕ್ಕ ಮುಗಿಯುವವರೆಗೆ ಜರ್ಮನ್ ಬ್ಯಾಂಕ್ ಖಾತೆ ಮುಚ್ಚದೆ ಇಟ್ಟುಕೊಳ್ಳಿ.